ವಿಮಾನದಲ್ಲಿ ಹಿಡಿದ ಸೊಂಟ

ಅವಳ ಒಂದು ಅಂಗೈ ನನ್ನ ಎರಡು ಅಂಗೈಯಷ್ಟು ಅಗಲ. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ತೆಂಗಿನೆಣ್ಣೆಯ ವಾಸನೆ ಇದ್ದೇ ಇರುತ್ತಿತ್ತು. ಕುಲಶೇಖರದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೀಯಿಸಲಿಕ್ಕೆ ಆ ಕೈಗಳೇ ಬೇಕು. ಬೇರೆಯವರ ಕಾಲ ಮೇಲೆ ಹೋ ಎಂದು ಕಿರುಚುವ ಮಗು ಅವಳ ಕಾಲ ಮೇಲೆ ತೂಕಡಿಸುತ್ತಿತ್ತು. ಆ ಕೈಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ?

ಅವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಕೊಡಿಯಾಲ್‌ಬೈಲಿನ ಆಫೀಸಿಗೆ ಹೊರಡುವಾಗ ಮಗಳು ಸೆರಗು ಹಿಡಿದು ಅತ್ತರೆ, "ನೀನು ಹೋಗು, ನಾನಿದ್ದೇನಲ್ಲ" ಎಂದು ಎತ್ತಿಕೊಳ್ಳುತ್ತಿದ್ದಳು. ನಾನು ಗೇಟು ದಾಟುವ ಮೊದಲೇ ಅಳು ನಿಂತಿರುತ್ತಿತ್ತು. ಹೆತ್ತವಳನ್ನು ಇಷ್ಟು ಬೇಗ ಮರೆಯುವುದಾ ಎಂದು ಬಸ್ಸಿನಲ್ಲಿ ಕೂತು ಉರಿದುಕೊಳ್ಳುತ್ತಿದ್ದೆ.

ಆ ಮಗಳು ನರ್ಸ್ ಆಗಿ ಮಾಲ್ದೀವ್ಸಿನ ಒಂದು ದ್ವೀಪಕ್ಕೆ ಹೋದಳು. ಬಸುರಿಯಾದಾಗ ಫೋನು ಮಾಡಿ, "ಅಮ್ಮಾ, ಬಾಣಂತನಕ್ಕೆ ದೊಡ್ಡಮ್ಮನನ್ನೂ ಕರ್ಕೊಂಡು ಬಾ" ಎಂದಳು. ಆ 'ಊ' ನನ್ನ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಆಗಲೇ ತೀರ್ಮಾನಿಸಿದೆ: ಯಾರು ಬೇಕಾದರೂ ಬರಲಿ, ಮೊಮ್ಮಗುವನ್ನು ಮೊದಲು ಮೀಯಿಸುವವಳು ನಾನೇ.

ನಾವಿಬ್ಬರೂ ಹೊರಟೆವು. ದೊಡ್ಡ ವಿಮಾನದಿಂದ ಇಳಿದು ದ್ವೀಪಕ್ಕೆ ಸಣ್ಣ ವಿಮಾನ ಹಿಡಿಯಬೇಕಿತ್ತು. ಅದರಲ್ಲಿ ಸಾಮಾನಿನ ತೂಕ ಬಹಳ ಕಟ್ಟುನಿಟ್ಟು ಎಂದು ಯಾರೋ ಹೇಳಿದ್ದೇ ತಡ, ವಾರಗಿತ್ತಿ ಚೀಲ ಹಿಡಿದು ಬಾತ್‌ರೂಮಿಗೆ ಹೋದಳು. ಬರುವಾಗ ಸೊಂಟ ಇನ್ನೂ ದಪ್ಪ! ಬಾಣಂತಿ ಲೇಹ್ಯದ ಡಬ್ಬಿ, ಕಷಾಯದ ಪುಡಿ, ಮೆಂತೆ ಎಲ್ಲವನ್ನೂ ಹಳೇ ಪಂಚೆಯಲ್ಲಿ ಸುತ್ತಿ ಸೀರೆಯೊಳಗೆ ಕಟ್ಟಿಕೊಂಡಿದ್ದಾಳೆ.

"ಚೀಲ ತಾನೇ ತೂಗುವುದು? ನನ್ನನ್ನು ಯಾರು ತೂಗ್ತಾರೆ ಮಾರಾಯ್ತಿ!"

ತೂಗಿದರು. ಅಷ್ಟು ಸಣ್ಣ ವಿಮಾನಕ್ಕೆ ಚೀಲವನ್ನೂ ತೂಗುತ್ತಾರೆ, ಮನುಷ್ಯರನ್ನೂ ತೂಗುತ್ತಾರೆ. ತಕ್ಕಡಿಯ ಹುಡುಗಿ ಅಂಕಿ ನೋಡಿ, ಇವಳನ್ನು ನೋಡಿ, ಇನ್ನೊಮ್ಮೆ ಹತ್ತಿಸಿದಳು. ಹತ್ತುವ ರಭಸಕ್ಕೆ ಪಂಚೆಯ ಗಂಟು ಸಡಿಲಿ ಲೇಹ್ಯದ ಡಬ್ಬಿ ಢಣ್ ಎಂದು ನೆಲಕ್ಕೆ ಬಿತ್ತು. ನನಗೆ ಭೂಮಿಯೊಳಗೆ ಇಳಿದುಹೋಗುವ ಎನಿಸಿತು. ಅವಳಿಗೆ ಎಂತ ನಾಚಿಕೆಯೂ ಇಲ್ಲ. ಹೊಟ್ಟೆ ತೋರಿಸಿ, ತೊಟ್ಟಿಲು ತೂಗುವ ಹಾಗೆ ಕೈ ಆಡಿಸಿ, "ಬೇಬಿ, ಬೇಬಿ" ಎಂದಳು. ಹುಡುಗಿ ನಕ್ಕಳು, ಪೈಲಟ್ ನಕ್ಕ, ಡಬ್ಬಿಯೂ ಪಾಸಾಯಿತು. ಭಾರದವರು ಮುಂದೆ ಇರಲಿ ಎಂದು ಅವಳನ್ನು ಪೈಲಟ್‌ನ ಬೆನ್ನ ಹಿಂದೆಯೇ ಕೂರಿಸಿದರು. ಕಡ್ಡಿಯಂತಿದ್ದ ನನಗೆ ಬಾಲದ ಕಡೆಯ ಸೀಟು.

ಆ ಪ್ರಯಾಣ ಶತ್ರುವಿಗೂ ಬೇಡ. ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು, ಕಿವಿ ಹರಿದುಹೋಗುವ ಸದ್ದು, ಎಣ್ಣೆಯ ಗಬ್ಬು ವಾಸನೆ. ಗಾಳಿಗೆ ಸಿಕ್ಕಿ ವಿಮಾನ ದಬಕ್ಕನೆ ಕೆಳಗಿಳಿದಾಗ ನನ್ನ ಹೊಟ್ಟೆ ಬಾಯಿಗೆ ಬಂತು. ಪ್ಲಾಸ್ಟಿಕ್ ಚೀಲಕ್ಕೆ ವಾಂತಿ ಮಾಡಿ ತಲೆಯೆತ್ತಿದರೆ, ಅವಳು ಮಹಾರಾಣಿಯ ಹಾಗೆ ಕೂತು ಸಮುದ್ರ ನೋಡುತ್ತಿದ್ದಾಳೆ! ತಿರುಗಿ ನನ್ನನ್ನು ಕಂಡವಳೇ ಸೊಂಟದಿಂದ ಏನೋ ತೆಗೆದು ಹಿಂದಿನವರ ಕೈಗೆ ಕೊಟ್ಟಳು. ಕೈಯಿಂದ ಕೈಗೆ ದಾಟಿ ನನಗೆ ಮುಟ್ಟಿದ್ದು ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ. ಚೀಪಿದೆ, ಹೊಟ್ಟೆ ತಣ್ಣಗಾಯಿತು. ಇದನ್ನೂ ಕಟ್ಟಿಕೊಂಡು ಬಂದಿದ್ದಾಳಲ್ಲ ಎಂದು ಮೈಯೆಲ್ಲ ಉರಿಯಿತು.

ಹೆಣ್ಣುಮಗು ಹುಟ್ಟಿತು. ಮೀಯಿಸುವ ದಿನ ನಾನು ಬಿಸಿನೀರು ತೋಡಿ ಸೆರಗು ಸಿಕ್ಕಿಸಿದರೆ ಮಗಳು, "ದೊಡ್ಡಮ್ಮ ಮೀಯಿಸಲಿ ಅಮ್ಮಾ. ನಿನಗೆ ಅಭ್ಯಾಸ ಇಲ್ಲ" ಎಂದಳು. ಮಾತು ನಿಜವೇ. ನನ್ನ ಮಗಳನ್ನು ಮೀಯಿಸಿದ್ದೂ ಅವಳೇ ಅಲ್ಲವಾ? ನಾನು ಅಡುಗೆಮನೆಗೆ ಹೋಗಿ ಗೋಡೆ ನೋಡುತ್ತ ನಿಂತೆ.

ಅವಳು ಸೊಂಟಕ್ಕೆ ಕೈ ಕೊಟ್ಟು ನರಳುತ್ತ ಬಂದಳು. "ಆ ಹಾಳು ವಿಮಾನದಲ್ಲಿ ಕೂತು ನನ್ನ ಸೊಂಟ ಹಿಡಿದಿದೆ. ಕಾಲು ಚಾಚ್ಲಿಕ್ಕೆ ಆಗುದಿಲ್ಲ. ನೀನೇ ಕೂತ್ಕೋ, ನಾನಿದ್ದೇನಲ್ಲ."

ನಾನು ಕಾಲು ಚಾಚಿ ಕೂತೆ. ಅವಳು ಹಿಂದೆ ನಿಂತು ಹೇಳುತ್ತಿದ್ದಳು: "ನೀರು ಮೊದಲು ಕಾಲಿಗೆ. ಮೈಗೆ ಅಭ್ಯಾಸ ಆಗ್ಲಿ. ತಲೆಗೆ ಕಡೆಗೆ, ಆಗ ಕುತ್ತಿಗೆಗೆ ಕೈ ಕೊಡು." ಮಗು ನನ್ನ ಕಾಲ ಮೇಲೆ ನಿದ್ದೆ ಹೋಯಿತು. ಮಗಳು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು.

ಅದೇ ಸಂಜೆ ಹಿತ್ತಿಲಿಗೆ ಹೋದರೆ ಅವಳು ನೆಲದಲ್ಲಿ ಎರಡೂ ಕಾಲು ನೀಟಾಗಿ ಚಾಚಿ, ಬಗ್ಗಿ ಬಗ್ಗಿ ಮೀನು ಕೊಯ್ಯುತ್ತಿದ್ದಾಳೆ.

"ಸೊಂಟ?"

"ಈಗ ಅಡ್ಡಿ ಇಲ್ಲ," ತಲೆ ಎತ್ತದೆ ಹೇಳಿದಳು.

ಬಿಟ್ಟುಕೊಟ್ಟು ಕೂಡ ನನ್ನನ್ನು ಸೋಲಿಸಿದಳಲ್ಲ ಎಂದು ಆ ದಿನ ಊಟ ಸೇರಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಮಗಳು ಅದೇ ಸಣ್ಣ ವಿಮಾನ ಹತ್ತಿ, ದೊಡ್ಡ ವಿಮಾನ ಹಿಡಿದು ಓಡಿ ಬಂದು ಅವಳ ಕಾಲ ಮೇಲೆ ಬಿದ್ದು ಅತ್ತಳು. ನಾನು ಸತ್ತರೆ ಇಷ್ಟು ಅಳುತ್ತಾಳಾ? ಆ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚು. ಮೀಯಿಸಲು ಬಂದ ಹೆಂಗಸರು ಅವಸರದಲ್ಲಿ ತಂಬಿಗೆಯನ್ನು ಸೀದಾ ಅವಳ ತಲೆಯ ಮೇಲೆ ಎತ್ತಿದರು.

"ಅಲ್ಲಿಗಲ್ಲ," ಎಂದು ತಂಬಿಗೆ ಕಿತ್ತುಕೊಂಡೆ. ಮೊದಲು ಕಾಲಿಗೆ ಹೊಯ್ದೆ, ಆಮೇಲೆ ಮೈಗೆ, ಆ ಅಗಲ ಕೈಗಳಿಗೆ. ತಲೆಗೆ ಹೊಯ್ಯುವಾಗ ಅವಳ ಕುತ್ತಿಗೆಗೆ ಕೈ ಕೊಟ್ಟೆ.