ಗುರುವಾರದ ಲೋಬಾನ

ಪಿಎಚ್‌ಡಿ ಮಾಡುತ್ತಿದ್ದ ದಿನಗಳಲ್ಲಿ ನೀರಿನ ಹನಿ ಕಂಡರೂ ನನ್ನ ಎದೆ ಡವಗುಟ್ಟುತ್ತಿತ್ತು. ಕುಣಿಗಲ್‌ನಲ್ಲಿ ನೂಲು ತೆಗೆಯುವ ಮಾಮುವಿನ ಮನೆಯಿಂದ ರೇಷ್ಮೆಗೂಡು ತರುತ್ತಿದ್ದೆ. ಬೇಯಿಸಿ, ಅಂಟು ಕಳೆದು, ಕರಗಿಸಿ, ತೆಳ್ಳನೆಯ ಪೊರೆ ಮಾಡುತ್ತಿದ್ದೆ. ಸುಟ್ಟ ಗಾಯದಲ್ಲಿ ಹೊಸ ಚರ್ಮ ಬೆಳೆಯಲು ಆ ಪೊರೆ ಆಸರೆಯಾಗಬೇಕು ಎಂಬುದೇ ನನ್ನ ಸಂಶೋಧನೆ. ಆದರೆ ನನ್ನ ಪೊರೆಯ ಮೇಲೆ ಜೀವಕೋಶಗಳು ಅಂಟಿ ಕೂರುತ್ತಿರಲಿಲ್ಲ. ಅದಕ್ಕೇ ತುಮಕೂರಿನ ನಮ್ಮ ಕಾಲೇಜಿನಲ್ಲಿ, ಗಾಳಿ ಹೀರಿ ತೆಗೆದ ಗಾಜಿನ ಕೊಳವೆಯಲ್ಲಿ ಪೊರೆಯನ್ನಿಟ್ಟು ವಿದ್ಯುತ್ ಹಾಯಿಸುತ್ತಿದ್ದೆವು. ಒಳಗೆ ಉಳಿದ ಚೂರು ಗಾಳಿಯೇ ನೇರಳೆ ಬಣ್ಣದಲ್ಲಿ ಹೊಳೆಯುತ್ತಿತ್ತು, ಅದೇ ಪ್ಲಾಸ್ಮಾ. ಅದು ಸೋಕಿದ ಪೊರೆಯ ಮೇಲೆ ನೀರಿನ ಹನಿ ಹರಡಿಕೊಳ್ಳಬೇಕು. ದುಂಡಗೆ ನಿಂತರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಅಷ್ಟರಲ್ಲಾಗಲೇ ಎರಡು ಸಲ ಕೆಟ್ಟಿತ್ತು. ಗುಬ್ಬಿಯಿಂದ ದಿನಾ ಸ್ಕೂಟರಿನಲ್ಲಿ ಬರುತ್ತಿದ್ದ ನನ್ನ ಗೈಡ್ ಒಳ್ಳೆಯವರೇ, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡಮ್ಮ, ಈ ಸಲಾನೂ ಸೆಲ್ ಕೂರ್ಲಿಲ್ಲ ಅಂದ್ರೆ ಈ ಟಾಪಿಕ್ ಬಿಟ್ಬಿಡೋಣ" ಅಂದಿದ್ದರು. ನಾಲ್ಕು ವರ್ಷದ ಕೆಲಸ! ನನಗೆ ಊಟ ಸೇರುತ್ತಿರಲಿಲ್ಲ.

ಜೀವಕೋಶ ಬೆಳೆಸುವ ಪ್ರಯೋಗಾಲಯ ಇದ್ದದ್ದು ಬೆಂಗಳೂರಿನಲ್ಲಿ. ಶುಕ್ರವಾರ ಬೆಳಿಗ್ಗೆಯೇ ಅಲ್ಲಿರಬೇಕು. ಪ್ಲಾಸ್ಮಾ ಕೊಟ್ಟ ಗುಣ ಹೊತ್ತು ಕಳೆದಷ್ಟೂ ಇಳಿಯುತ್ತದೆ. ಕಾಲೇಜಿನ ಬಾಗಿಲು ತೆಗೆಯುವ ಮೊದಲೇ ಬಸ್ಸು ಹತ್ತಬೇಕೆಂದು ಗುರುವಾರ ಸಂಜೆ ಪೊರೆಗಳ ಗಾಜಿನ ತಟ್ಟೆಗಳನ್ನು ಡಬ್ಬಿಯಲ್ಲಿಟ್ಟು ಊರಂಚಿನ ಬಟವಾಡಿಯ ನಮ್ಮ ಮನೆಗೆ ತಂದೆ. ಯಾರೂ ಮುಟ್ಟಬೇಡಿ ಎಂದು ಹೇಳಿ ಕಪಾಟಿನ ಮೇಲಿಟ್ಟೆ.

ಬೆಳಿಗ್ಗೆ ಡಬ್ಬಿ ತೆಗೆದರೆ ಲೋಬಾನದ ವಾಸನೆ. ಒಂದು ಪೊರೆಯ ಮೇಲೆ ಹನಿ ಬಿಟ್ಟೆ. ದುಂಡಗೆ ನಿಂತಿತು. ಇನ್ನೊಂದರ ಮೇಲೂ ಅಷ್ಟೇ.

ಪ್ರತಿ ಗುರುವಾರ ಸಂಜೆ ಅಮ್ಮಿ ಕೆಂಡದ ಮೇಲೆ ಸಾಂಬ್ರಾಣಿಯಂಥ ಲೋಬಾನ ಹಾಕಿ ಮನೆಯ ಮೂಲೆಮೂಲೆಗೂ ಹೊಗೆ ಹಿಡಿಯುತ್ತಿದ್ದಳು. ನನ್ನ ಪರೀಕ್ಷೆಯ ಪೆನ್ನಿಗೂ ಹಿಡಿದವಳು ಅವಳು.

"ಅಮ್ಮೀ, ಡಬ್ಬಿ ತೆಗೆದ್ಯಾ?"

"ಮುಟ್ಲಿಲ್ಲ ಕಣೇ. ಮುಚ್ಚಳ ಮಾತ್ರ ತೆಗೆದು ಒಂದೊಂದು ತಟ್ಟೆಗೂ ಹೊಗೆ ತೋರಿಸ್ದೆ, ಅಷ್ಟೇ. ಈ ಸಲ ಆಗ್ಲಿ ಅಂತ."

ಸಿಟ್ಟು ನೆತ್ತಿಗೇರಿತ್ತು. ಹೊಗೆಯ ಜಿಡ್ಡು ಕೂತು ಕೆಟ್ಟ ಪೊರೆಗಳನ್ನು ಡಬ್ಬಿಯಿಂದ ತೆಗೆದು ಬದಿಗಿಟ್ಟೆ. ನನ್ನ ಮುಖ ನೋಡಿಯೇ ಅವಳು ಗೋಡೆಗೊರಗಿ ಕೂತುಬಿಟ್ಟಳು.

ಗೈಡ್‌ಗೆ ಫೋನ್ ಮಾಡಿದೆ. "ಪ್ಲಾಸ್ಮಾ ಹಾಕದೆ ಉಳಿದ ಪೊರೆ ಲ್ಯಾಬಲ್ಲಿ ಅವೆಯಲ್ಲ? ಬರ್ತೀನಿ, ನಡಿ" ಅಂದರು. ಗುಬ್ಬಿಯಿಂದ ಅವರು ಬರುವ ತನಕ ಬೀಗ ಹಾಕಿದ ಬಾಗಿಲ ಮುಂದೆ ಶತಪಥ ಹಾಕಿದೆ. ಪಂಪು ಗಾಳಿ ಹೀರುವಷ್ಟು ಹೊತ್ತೂ ಎಲ್ಲಿ ಕರೆಂಟು ಹೋಗುತ್ತದೋ ಎಂದು ತಲೆಯ ಮೇಲಿನ ಟ್ಯೂಬ್‌ಲೈಟನ್ನೇ ನೋಡುತ್ತಿದ್ದೆ. ಹೋಗಲಿಲ್ಲ. ಹೊಸ ಪೊರೆಯ ಮೇಲೆ ಹನಿ ಹರಡಿತು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಮನೆಗೂ ಹೋಗದೆ ಬಸ್ಸು ಹತ್ತಿದೆ. ಬೆಂಗಳೂರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಪುಣ್ಯಕ್ಕೆ ಅಲ್ಲಿಯ ಪ್ರಯೋಗಾಲಯದಲ್ಲಿದ್ದ ಗೆಳತಿ ಕಾದಿದ್ದಳು.

ಆಮೇಲಿನದು ಬರೀ ಕಾಯುವುದು. ಫೋನ್ ಸದ್ದಾದರೆ ಓಡಿಹೋಗಿ ಎತ್ತುತ್ತಿದ್ದೆ. ಅಮ್ಮಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಮುಂದಿನ ಗುರುವಾರ ಸಂಜೆ ಗೆಳತಿಯ ಫೋನ್ ಬಂತು. "ಕೂತವೆ ಕಣೇ! ಚೆನ್ನಾಗಿ ಹರಡ್ಕೊಂಡು ಕೂತವೆ."

ರಿಸೀವರ್ ಇಟ್ಟು ಅಲ್ಲೇ ಅತ್ತೆ. ಕಣ್ಣೊರೆಸಿಕೊಂಡು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅಮ್ಮಿ. ಕೈಯಲ್ಲಿ ಹೊಗೆ ಹಾಕುವ ಮಣ್ಣಿನ ಬಟ್ಟಲು; ಅದರಲ್ಲಿ ಕೆಂಡವಿರಲಿಲ್ಲ. ಕತ್ತಲಾಗುತ್ತಾ ಬಂದರೂ ಮನೆಯಲ್ಲಿ ಲೋಬಾನದ ವಾಸನೆಯಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ನನ್ನ ಡಬ್ಬಿಯೂ ಮನೆಯಲ್ಲಿರಲಿಲ್ಲ, ಪೊರೆಗಳೆಲ್ಲ ಬೆಂಗಳೂರಿನಲ್ಲಿದ್ದವು. ಆದರೂ ಅವಳು ಹಚ್ಚಿರಲಿಲ್ಲ.

"ಇನ್ನು ಹಚ್ಬೋದೇನೇ?" ಎಂದು ಕೇಳಿದಳು.