ಮೇಷ್ಟ್ರು ಸಾರು ಕುಡಿಯುವ ರೀತಿ

ಹೋಟೆಲಿನ ಮುಂಭಾಗಕ್ಕೆ ಉದ್ದಗಲಕ್ಕೂ ಕಬ್ಬಿಣದ ಬಲೆ ಹಾಕಿತ್ತು. ಯಲಹಂಕದ ಕಡೆಯಿಂದ ಬಂದ ನನಗೆ ಬಲೆ ಎಂದರೆ ಸೊಳ್ಳೆಯೇ ನೆನಪು. ಇಷ್ಟು ದೊಡ್ಡ ತೂತಿನ ಬಲೆ ಯಾವ ಸೊಳ್ಳೆಯನ್ನು ತಡೆದೀತು? ಭಾಷೆ ಬರುತ್ತಿರಲಿಲ್ಲವಾದ್ದರಿಂದ 'ಗುಂಯ್' ಎಂದು ದನಿ ತೆಗೆದು, ಬೆರಳನ್ನು ಸೊಳ್ಳೆಯಂತೆ ಬಲೆಯೊಳಗೆ ತೂರಿಸಿ, ಒಲೆಯ ಮುಂದಿದ್ದ ಹೆಂಗಸಿಗೆ ಪ್ರಶ್ನೆ ಹಾಕಿದೆ. ಆಕೆ ನಗಲಿಲ್ಲ. ಒಂದು ನಿಂಬೆಹಣ್ಣು ತೆಗೆದುಕೊಂಡು ಬೀದಿಗೆ ಇಳಿದಳು, ಅಲ್ಲಿಂದ ಬಲೆಗೆ ಎಸೆದಳು, ಹಣ್ಣು ತಾಗಿ ಕೆಳಗೆ ಬಿದ್ದೊಡನೆ ಎರಡೂ ಕಿವಿ ಮುಚ್ಚಿಕೊಂಡಳು. ಕೈಬಾಂಬು! ಆಮೇಲೆ ಅದೇ ಹಣ್ಣನ್ನು ಅಂಗಿಗೆ ಒರೆಸಿ, ಹೋಳು ಮಾಡಿ, ನನ್ನ ಬಟ್ಟಲಿನ ಪಕ್ಕದಲ್ಲಿಟ್ಟಳು.

ಸೈಗಾನಿನಲ್ಲಿ ನನ್ನ ಮೊದಲನೆಯ ಊಟ ಹೀಗೆ ಶುರುವಾಯಿತು. ಬಾಂಬಾಗಿದ್ದ ಹಣ್ಣನ್ನೇ ಹಿಂಡಿಕೊಂಡು ತಿಂದೆ.

ನಾನು ಅಲ್ಲಾಳಸಂದ್ರದ ನರಸಿಂಹ. ಯಶವಂತಪುರದ ಒಂದು ಗೋದಾಮಿನಲ್ಲಿ ಟೈಪಿಸ್ಟಾಗಿದ್ದೆ. ಟೈಪಿಗಿಂತ ಹೆಚ್ಚಾಗಿ ಅಲ್ಲಿ ನನ್ನನ್ನು ಸಹಿಸಿಕೊಂಡದ್ದು ಮ್ಯಾನೇಜರ ಕೆಮ್ಮು, ಹೆಡ್ ಗುಮಾಸ್ತರ ನಡಿಗೆ, ಗೂಡ್ಸ್ ಗಾಡಿಯ ಬ್ರೇಕು, ಇವನ್ನೆಲ್ಲ ನಾನು ಹಾಗೆಹಾಗೇ ಮಾಡಿ ತೋರಿಸುತ್ತಿದ್ದುದಕ್ಕೆ. ಮ್ಯಾನೇಜರೇ ಒಂದು ದಿನ ಹಿಂದೆ ನಿಂತು ನೋಡಿದರು. ಅವರೇ ವಿದೇಶದ ಹುದ್ದೆಯ ಅರ್ಜಿಗೆ ಶಿಫಾರಸು ಬರೆದುಕೊಟ್ಟರು. ನನ್ನ ಏಳಿಗೆಗಾಗಿ ಎಂದು ನಮ್ಮಮ್ಮ ಈಗಲೂ ನಂಬಿದ್ದಾಳೆ.

ವಿಯೆಟ್ನಾಂ ದೇಶ ಎರಡು ಭಾಗವಾದ ಮೇಲೆ, ಒಪ್ಪಂದದಂತೆ ಎಲ್ಲ ನಡೆಯುತ್ತಿದೆಯೇ ಎಂದು ನೋಡಲು ಹೊರದೇಶಗಳವರು ಸೇರಿ ನಡೆಸುವ ಕಚೇರಿ ನಮ್ಮದು. ನೋಡುವುದು ಸಾಹೇಬರ ಕೆಲಸ, ನೋಡಿದ್ದಕ್ಕೆ ಕಾರ್ಬನ್ ಹಾಕಿ ಟೈಪು ಮಾಡುವುದು ನನ್ನ ಕೆಲಸ. ಬಂದ ದಿನವೇ ಹೇಳಿಬಿಟ್ಟಿದ್ದರು: ನಾವು ಯಾರ ಕಡೆಯವರೂ ಅಲ್ಲ, ಊರಿನವರ ವ್ಯವಹಾರಕ್ಕೆ ತಲೆ ಹಾಕಬಾರದು.

ಕೋಣೆ ಸಿಕ್ಕಿದ್ದು ಒಬ್ಬರು ಪಾಂಡಿಚೇರಿ ತಮಿಳರ ಮನೆಯಲ್ಲಿ, ದರ್ಜಿ ಅಂಗಡಿಯ ಮೇಲೆ. ಬೆಂಗಳೂರಿನ ಬೀದಿಗಳಲ್ಲಿ ಕಲಿತ ತಮಿಳನ್ನು ಅವರ ರಾಗದಲ್ಲೇ ಹೇಳಿದ್ದಕ್ಕೆ ಮುಂಗಡ ಕೇಳಲಿಲ್ಲ. ಮೇಲೆ ತಗಡು, ಕೆಳಗೆ ಹೊಲಿಗೆ ಯಂತ್ರ. ಯಲಹಂಕದಲ್ಲಿ ಡಿಸೆಂಬರಿನ ಬೆಳಿಗ್ಗೆ ಕಂಬಳಿ ಬಿಟ್ಟು ಏಳಲು ಅಳುತ್ತಿದ್ದವನು ಇಲ್ಲಿ ಡಿಸೆಂಬರಿನಲ್ಲಿ ಒದ್ದೆ ಟವೆಲು ಹೊದ್ದು ಮಲಗಿದೆ. ರಜೆಯ ಮಧ್ಯಾಹ್ನಗಳಲ್ಲಿ ಕನ್ನಡ ಕೇಳಬೇಕೆನಿಸಿದಾಗ ಒಬ್ಬನೇ ಕೂತು ಅಮ್ಮನ ದನಿ, ಚಿಕ್ಕಪ್ಪನ ದನಿ, ನಮ್ಮ ಎಮ್ಮೆಯ ದನಿ ಒಂದಾದ ಮೇಲೊಂದು ತೆಗೆಯುತ್ತಿದ್ದೆ. ಅಮ್ಮ ಮತ್ತು ಚಿಕ್ಕಪ್ಪ ಜಗಳಕ್ಕೆ ಬಿದ್ದರೂ ದರ್ಜಿ ಸುಮ್ಮನಿರುತ್ತಿದ್ದ. ಎಮ್ಮೆ ಮಾತಾಡಿದರೆ ಮಾತ್ರ ಕೆಳಗಿನಿಂದ ಕೋಲಲ್ಲಿ ಕುಟ್ಟುತ್ತಿದ್ದ.

ಬದುಕಿದ್ದ ಕನ್ನಡವೆಂದರೆ ಮುನಿಯಪ್ಪಣ್ಣನೊಬ್ಬನೇ. ಬ್ಯಾಟರಾಯನಪುರದವನು, ನಮ್ಮ ಕಚೇರಿಯ ಜೀಪಿನ ಡ್ರೈವರು, ನನಗಿಂತ ಬಹಳ ಹಿರಿಯ. ನನ್ನ ಯಾವ ನಕಲಿಗೂ ಅವನು ನಕ್ಕಿದ್ದಿಲ್ಲ. "ಬಾಯಿರಾದು ಉಣ್ಣಾಕೆ ಕಣೋ, ಇಂಗೆ ಅಣಕಿಸಾಕಲ್ಲ" ಎನ್ನುತ್ತಿದ್ದ. ಬಲೆಯ ಹೋಟೆಲಿಗೆ ಅವನನ್ನು ಕರೆದುಕೊಂಡು ಹೋದ ದಿನ, ಬಟ್ಟಲಿನಲ್ಲಿರುವುದು ಯಾವ ಪ್ರಾಣಿ ಎಂದು ಖಾತ್ರಿಯಾಗದೆ ಕೂರಲೇ ಇಲ್ಲ. ಸೀದಾ ಹಿತ್ತಲಿಗೆ ಹೋಗಿ, ಪಂಜರದ ಕೋಳಿಗಳನ್ನು ನೋಡಿಕೊಂಡು ಬಂದು, "ಕೋಳೀನೇ. ಕೂತ್ಕೋ" ಎಂದು ಅಪ್ಪಣೆ ಕೊಟ್ಟ.

ಆ ತಿಂಡಿಯ ಹೆಸರು ಫೊ. ಚಪ್ಪಟೆಯ ಅಕ್ಕಿ ಶಾವಿಗೆ, ಮೇಲೆ ಕೋಳಿ ಚೂರು, ಅದರ ಮೇಲೆ ಕುದಿಯುವ ತಿಳಿಸಾರು. ಶುಂಠಿ, ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಹಾಕಿದ್ದರಿಂದ ಸಾರಿಗೆ ಒಂದು ಘಮ. ಖಾರವಿಲ್ಲ, ಹುಳಿಯಿಲ್ಲ. ನಮ್ಮಲ್ಲಿ ಜ್ವರ ಬಂದವನಿಗೆ ಕೊಡುವಂಥದ್ದು ಎಂದು ಮೊದಲು ಅಂದುಕೊಂಡೆ. ನಾವು ಬೆಳಿಗ್ಗೆ ಇಡ್ಲಿಗೆ ಕೂರುವಂತೆ ಅವರು ಇದಕ್ಕೆ ಕೂರುತ್ತಾರೆ. ಬಲಗೈಯಲ್ಲಿ ಎರಡು ಕಡ್ಡಿ, ಎಡಗೈಯಲ್ಲಿ ಚಮಚ. ಮೂಳೆ, ಹಿಂಡಿದ ನಿಂಬೆ, ಬಾಯೊರೆಸಿದ ಕಾಗದ ಎಲ್ಲ ನೆಲಕ್ಕೆ. ಅಮ್ಮ ನೋಡಿದ್ದರೆ ಪೊರಕೆ ತೆಗೆದುಕೊಂಡು ಬರುತ್ತಿದ್ದಳು, ನೆಲಕ್ಕಲ್ಲ, ನನಗೆ.

ಅಂಗಡಿಯಾಕೆಯನ್ನು ಎಲ್ಲರೂ 'ಬಾ' ಎನ್ನುತ್ತಿದ್ದರು. ಇಲ್ಲಿ ಹಿರಿಯ ಹೆಂಗಸಿಗೆ ಮರ್ಯಾದೆಯ ಮಾತು ಅದು, ನಮ್ಮ ಅಮ್ಮಾವ್ರು ಇದ್ದಂತೆ. ಅವರ ಭಾಷೆಯಲ್ಲಿ ಒಂದೇ ಮಾತನ್ನು ಏರಿಸಿದರೆ ಒಂದರ್ಥ, ಇಳಿಸಿದರೆ ಇನ್ನೊಂದು. ನಮ್ಮ ಸಾಹೇಬರು ಪುಸ್ತಕ ಹಿಡಿದು ವರ್ಷಗಟ್ಟಲೆ ಕಲಿತರೂ ಜಟಕಾದವನು ತಿರುಗಿ ನೋಡುತ್ತಿರಲಿಲ್ಲ. ನಾನು ಬಾ ಆಡುವ ರಾಗವನ್ನು ಗಿಣಿಯಂತೆ ಒಪ್ಪಿಸಿದೆ. ಕೈ ತೋರಿಸದೆ, ಬರೇ ಬಾಯಲ್ಲಿ ಒಂದು ಬಟ್ಟಲು ಫೊ ತರಿಸಿದ ದಿನ ರಾಜ್ಯ ಗೆದ್ದಂತಾಗಿತ್ತು. ಕೆಲವೇ ತಿಂಗಳಲ್ಲಿ ಅಲ್ಲಿನ ಗಿರಾಕಿಗಳೆಲ್ಲ ನನ್ನ ಬಾಯಿಗೆ ಬಿದ್ದರು. ತಮ್ಮ ಪಾಳಿ ಯಾವಾಗ ಎಂದು ಅವರೇ ಕೇಳುತ್ತಿದ್ದರು.

ನಕಲು ಮಾಡುವವನು ಸುಮ್ಮನೆ ತಿನ್ನುವುದಿಲ್ಲ, ತಿನ್ನುವವರನ್ನು ನೋಡುತ್ತಾನೆ. ಹಾಗೆ ನೋಡಿ ನೋಡಿ ನನಗೊಂದು ಗೊತ್ತಾಯಿತು. ದೇಶದ ಉತ್ತರದವರು ಫೊ ಬಂದೊಡನೆ ಬರೀ ಸಾರನ್ನು ಒಂದು ಚಮಚ ಕುಡಿದು ನೋಡುತ್ತಾರೆ, ಆಮೇಲೆ ಬೇಕಾದರೆ ನಿಂಬೆ, ಮೆಣಸಿನಕಾಯಿ. ಸೈಗಾನಿನ ಕಡೆ ದಕ್ಷಿಣದವರು ಕೂತೊಡನೆ ಹೆಸರುಕಾಳಿನ ಮೊಳಕೆ, ಕಾಮಕಸ್ತೂರಿಯಂಥ ಸೊಪ್ಪು, ಕಪ್ಪಗಿನ ಸಿಹಿ ಗೊಜ್ಜು ಎಲ್ಲ ಸುರಿದು ಕಲಸಿಯೇ ಬಾಯಿಗಿಡುವುದು. ಬಾ ಉತ್ತರದವಳು. ದೇಶ ಭಾಗವಾದಾಗ ಊರು ಬಿಟ್ಟು ಬಂದು ಕಾಗದಪತ್ರ ಮಾಡಿಸಿಕೊಂಡು ನೆಲೆಸಿದವಳು. ವ್ಯಾಪಾರಕ್ಕಾಗಿ ಮೊಳಕೆಯ ತಟ್ಟೆ ಇಡುತ್ತಿದ್ದಳು. ಗಿರಾಕಿ ಗೊಜ್ಜಿನ ಸೀಸೆ ಎತ್ತಿದರೆ ತನ್ನ ತಲೆಯ ಮೇಲೇ ಸುರಿದಂತೆ ಮುಖ ಮಾಡುತ್ತಿದ್ದಳು.

ಮೂಲೆಯ ಮೇಜಿಗೆ ಒಬ್ಬರು ಬರುತ್ತಿದ್ದರು. ತೆಳ್ಳಗಿನ ಆಳು, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆಂದು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ದಕ್ಷಿಣದ ಹಳ್ಳಿಯವನು ಎಂದು ಅವರೇ ಹೇಳಿಕೊಂಡಿದ್ದರು. ಮಾತೂ ದಕ್ಷಿಣದ್ದೇ. ಮೊಳಕೆ, ಸೊಪ್ಪು, ಒಂದು ಹನಿ ಗೊಜ್ಜು ಎಲ್ಲ ಹಾಕಿಕೊಳ್ಳುತ್ತಿದ್ದರು. ಆದರೆ ಹಾಕಿಕೊಳ್ಳುವ ಮುಂಚೆ ಬಾಗಿ, ಯಾರಿಗೂ ಕಾಣದಂತೆ, ಬರೀ ಸಾರನ್ನು ಒಂದು ಚಮಚ ಬಾಯಲ್ಲಿಟ್ಟುಕೊಂಡು ತುಸು ಹೊತ್ತು ಕಣ್ಣು ಮುಚ್ಚುತ್ತಿದ್ದರು.

ಬೇರೆಯವರು ಅದನ್ನು ಗಮನಿಸಿರಲಾರರು. ನನಗೆ ತಿಳಿಯಿತು, ಯಾಕೆಂದರೆ ಆ ಕಸುಬು ನನ್ನದೂ ಹೌದು. ಮನೆಯಲ್ಲಿ 'ಇಂಗೆ', 'ಓಗ್ತೀನಿ' ಎನ್ನುವ ನಾನು, ಯಶವಂತಪುರದ ಕಚೇರಿಯ ಮೆಟ್ಟಿಲು ಹತ್ತುವಾಗ ಜೇಬಿನಿಂದ ತೆಗೆದಂತೆ 'ಹೀಗೆ', 'ಹೋಗುತ್ತೇನೆ' ತೆಗೆದು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಬಿಸಿ ಕಾಫಿ ನಾಲಿಗೆ ಸುಟ್ಟಾಗ ಮಾತ್ರ ಅಲ್ಲಾಳಸಂದ್ರ ಹೊರಗೆ ಬರುತ್ತಿತ್ತು.

ಮುನಿಯಪ್ಪಣ್ಣನಿಗೆ ಹೇಳಿದೆ. "ಅಣ್ಣಾ, ಆ ಮೇಷ್ಟ್ರು ಈ ಕಡೆಯವರಲ್ಲ."

ಅವನು ಕಡ್ಡಿ ಕೆಳಗಿಟ್ಟ. "ಯಾರ್ಗಾದ್ರೂ ಯೋಳಿದ್ಯಾ?"

"ಇಲ್ಲ."

"ಯೋಳ್ಬೇಡ. ನಂಗೂ ಯೋಳ್ಲಿಲ್ಲ ನೀನು."

ಉತ್ತರದಿಂದ ಗುಟ್ಟಾಗಿ ಬಂದು, ಇಲ್ಲಿಯವರೆಂದು ಹೇಳಿಕೊಂಡು ಇರುವವರನ್ನು, ಬಾಂಬು ಎಸೆಯುವವರು ಅವರೇ ಎಂದು, ಪೊಲೀಸರು ಹುಡುಕುತ್ತಿದ್ದರು. ಸಿಕ್ಕವನು ತಿರುಗಿ ಬರುತ್ತಿರಲಿಲ್ಲ. ಅವನಿಗೆ ಊಟ ಹಾಕಿದವರೂ ಬರುತ್ತಿರಲಿಲ್ಲ. ಬಾ ಮಾಡಿಸಿಕೊಂಡ ಕಾಗದಪತ್ರ ಆಗ ಯಾವ ಕೆಲಸಕ್ಕೂ ಬರುವುದಿಲ್ಲವೆಂದು ಡ್ರೈವರಾದ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಂಗಡಿ ತುಂಬಿತ್ತು. ಮೇಷ್ಟ್ರ ಮುಂದೆ ಆಗಷ್ಟೇ ಬಟ್ಟಲು ಬಂದಿತ್ತು. ಬಿಳಿ ಅಂಗಿಯ, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡ ಒಬ್ಬರು ಒಳಗೆ ಬಂದು ನಮ್ಮ ಮೇಜಿಗೇ ಕೂತರು. ಮಫ್ತಿ ಪೊಲೀಸಿನವರು ಎಂದು ಬೀದಿಗೆಲ್ಲ ಗೊತ್ತಿತ್ತು. ಎಲ್ಲರೂ ತಂತಮ್ಮ ಬಟ್ಟಲಿಗೆ ತಲೆ ತಗ್ಗಿಸಿದರು.

"ಇಂಡಿಯಾದ ತಮ್ಮ, ನೀವು ಎಲ್ಲರ ಹಾಗೂ ಮಾಡ್ತೀರಂತೆ. ನಂಗೂ ಸ್ವಲ್ಪ ತೋರಿಸಿ" ಎಂದರು. ಮಾತು ಬಹಳ ಮೃದು.

ಮೊದಲು ಅಂಗಡಿಯ ಬಾ ಹೇಗೆಂದು ಮಾಡಿದೆ: ಗೊಜ್ಜಿನ ಸೀಸೆ ಕಂಡೊಡನೆ ಸಾವಿನ ಮನೆಯ ಮುಖ. ಅವರು ನಕ್ಕರು. ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಉಣ್ಣುವ ಸೈಕಲ್ ರಿಕ್ಷಾದವನನ್ನು ಮಾಡಿದೆ. ಹಿತ್ತಲಿಗೆ ಹೋಗಿ ಕೋಳಿ ತನಿಖೆ ಮಾಡುವ ಮುನಿಯಪ್ಪಣ್ಣನನ್ನು ಮಾಡಿದೆ. ಅಂಗಡಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ, ಕಣ್ಣೊರೆಸಿಕೊಂಡರು. ಕರವಸ್ತ್ರ ಮಡಿಸುತ್ತಲೇ ಹೇಳಿದರು: "ಈಗ ಮೇಷ್ಟ್ರು. ಅವರು ಉಣ್ಣೋದು ಹೇಗೆ, ಮಾಡಿ. ಮೊದಲನೇ ಚಮಚದಿಂದ."

ನಗು ನಿಂತಿತು.

"ನಾನು ನೋಡ್ತಾ ಕೂತ್ರೆ ಅವರು ಹುಷಾರಾಗಿ ಉಣ್ತಾರೆ. ನೀವು ದಿನಾ ನೋಡ್ತೀರಿ, ನಿಮಗೆ ಅವರು ಯಾರೂ ಅಲ್ಲ. ನಿಮ್ಮ ಕಣ್ಣು ಸುಳ್ಳು ಹೇಳೋಲ್ಲ ಅಂತ ಎಲ್ಲರೂ ಹೊಗಳ್ತಾರೆ."

ಮುನಿಯಪ್ಪಣ್ಣನಿಗೆ ಅವರ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಅಂಗಡಿಯ ಸದ್ದಡಗಿದ್ದು ಅರ್ಥವಾಯಿತು. "ನರ್ಸಿಮ್ಮ, ಎದ್ದೇಳು. ಆಪೀಸಿಗೆ ಓಗೋಣ."

"ಇವತ್ತು ಭಾನುವಾರ ಅಣ್ಣಾ."

"ಬಾನುವಾರನೇ ಓಗೋಣ."

ಎದ್ದು ಹೋದರೆ ಅದೇ ಉತ್ತರವಾಗುತ್ತಿತ್ತು. ಬಾ ತಾನೇ ಒಂದು ಬಟ್ಟಲು ತಂದು ನನ್ನ ಮುಂದಿಟ್ಟಳು. ಇಟ್ಟ ಮೇಲೂ ಬಟ್ಟಲಿನಿಂದ ಕೈ ತೆಗೆಯುವುದನ್ನು ಮರೆತು ನಿಂತಳು. ಮೇಷ್ಟ್ರು ತಮ್ಮ ಬಟ್ಟಲನ್ನೇ ನೋಡುತ್ತಿದ್ದರು.

ನನ್ನ ಕಸುಬಿನ ಕಷ್ಟ ಏನೆಂದರೆ, ಯಾರನ್ನಾದರೂ ನೆನೆದೊಡನೆ ಅವರು ಮೈಮೇಲೆ ಬಂದುಬಿಡುತ್ತಾರೆ. ಬೆನ್ನು ತಾನಾಗಿ ಬಾಗಿತು. ಎಡಗೈ ಚಮಚ ಹಿಡಿಯಿತು, ಸಾರಿಗೆ ಇಳಿಯಿತು, ತುಂಬಿಕೊಂಡು ಮೇಲೆ ಬಂತು. ಬಿಳಿ ಅಂಗಿಯವರು ಚಮಚವನ್ನೇ ನೋಡುತ್ತಿದ್ದರು. ಬಾಯ ಹತ್ತಿರ ಬಂದ ಸಾರನ್ನು ಹೇಗೆ ಹಿಂದಕ್ಕೆ ಕಳಿಸುವುದು? 'ಉಫ್' ಎಂದು ಊದಿದೆ. ಇನ್ನೂ ಜೋರಾಗಿ ಊದಿ, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು, ಖಾಲಿ ಚಮಚವನ್ನು ಮೇಜಿಗೆ ಕುಕ್ಕಿದೆ. ಆಮೇಲೆ ಮೊಳಕೆಯ ತಟ್ಟೆಯನ್ನು ಹಾಗೇ ಬಟ್ಟಲಿಗೆ ಬೋರಲು ಹಾಕಿದೆ. ಸೊಪ್ಪು ತುರುಕಿದೆ. ಗೊಜ್ಜಿನ ಸೀಸೆಯನ್ನು ಸಾರು ಕಪ್ಪಾಗುವವರೆಗೆ ಬಗ್ಗಿಸಿದೆ. ಕಡ್ಡಿಯಿಂದ ಶಾವಿಗೆ ಎರಡು ಸಲ ಜಾರಿಸಿ, ಮೂರನೆಯ ಸಲ ಬಟ್ಟಲಿಗೇ ಬಾಯಿ ಹಚ್ಚಿದೆ. ಮೇಷ್ಟ್ರು ಎಂದೂ ಹೀಗೆ ಉಣ್ಣುತ್ತಿರಲಿಲ್ಲ. ಬಂದ ಹೊಸದರಲ್ಲಿ ನಾನು ಉಂಡ ರೀತಿ ಅದು.

ಯಾರೂ ನಗಲಿಲ್ಲ. ಇದು ಮೇಷ್ಟ್ರಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬನ ಮುಖವೂ ಹೇಳುತ್ತಿತ್ತು.

ಆಗ ಮುನಿಯಪ್ಪಣ್ಣ ನಕ್ಕ. ಹೊಟ್ಟೆ ಹಿಡಿದುಕೊಂಡು, ಮೇಜು ಗುದ್ದಿ, "ಅಂಗೇ ಐತೆ ಕಣೋ! ಅಯ್ಯೋ, ಅದೇ! ಮೇಷ್ಟ್ರು ಅಂಗೇನೇ!" ಎಂದು ಕೂಗಿ, ಮೇಷ್ಟ್ರ ಕಡೆ ಬೆರಳು ತೋರಿಸಿ ಮತ್ತೆ ನಕ್ಕ. ಅವನ ಇನ್ನೊಂದು ಕೈ ಮಾತ್ರ ಮೇಜಿನ ಕೆಳಗೆ ನನ್ನ ಮಂಡಿಯನ್ನು ನೋಯುವಷ್ಟು ಹಿಡಿದಿತ್ತು. ಬಾ ನಕ್ಕಳು. ರಿಕ್ಷಾದವನು ನಕ್ಕ. ಎಲ್ಲರೂ ನಕ್ಕರು.

ಬಿಳಿ ಅಂಗಿಯವರು ಈ ಸಲ ನಗಲಿಲ್ಲ. ತಿರುಗಿ, "ಮೇಷ್ಟ್ರೇ, ಆರಿಹೋಗ್ತಾ ಇದೆ. ಉಣ್ಣಿ" ಎಂದರು.

ಮೇಷ್ಟ್ರು ಚಮಚ ಎತ್ತಿ, ಊದಿ, ಚೆಲ್ಲಿ, ಕೆಳಗಿಟ್ಟರು. ಮೊಳಕೆಯ ತಟ್ಟೆಯನ್ನು ಬೋರಲು ಹಾಕಿದರು. ಸೊಪ್ಪು ತುರುಕಿದರು. ಗೊಜ್ಜನ್ನು ಸುರಿದರು, ನಾನು ಸುರಿದಷ್ಟೇ. ಶಾವಿಗೆ ಒಂದು ಸಲ ಜಾರಿತು, ಎರಡನೆಯ ಸಲವೂ ಜಾರಿತು. ಆಮೇಲೆ ಬಟ್ಟಲಿಗೆ ಬಾಯಿ ಹಚ್ಚಿ ಆ ಕಪ್ಪು ಸಾರನ್ನು ತಳದವರೆಗೂ ಕುಡಿದರು. ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಇನ್ನೊಬ್ಬರು ನನ್ನನ್ನು ನಕಲು ಮಾಡಿದ್ದು. ಎಲ್ಲೂ ತಪ್ಪಲಿಲ್ಲ.

ಬಿಳಿ ಅಂಗಿಯವರು ಎದ್ದು ನನ್ನ ಭುಜ ತಟ್ಟಿ, "ನಿಜವಾಗ್ಲೂ ಕಲಾವಿದರು" ಎಂದು ಹೊರಟುಹೋದರು. ಇಬ್ಬರಲ್ಲಿ ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಮೇಷ್ಟ್ರು ಮತ್ತೆ ಬರಲಿಲ್ಲ. ಕೆಲವು ವಾರದ ಮೇಲೆ ಬೇರೆ ಬೀದಿಯ ಕಾಫಿ ಅಂಗಡಿಯೊಂದಕ್ಕೆ ಬಾಂಬು ಬಿತ್ತು. ಅಲ್ಲಿ ಬಲೆ ಇರಲಿಲ್ಲ. ಜೀಪಿನಲ್ಲಿ ಆ ದಾರಿ ದಾಟುವಾಗ ಮುನಿಯಪ್ಪಣ್ಣ ಗಾಜಿನಾಚೆ ನೋಡುತ್ತ ಕೇಳಿದ: "ಅವ್ನಾ?" ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಸಾರು ಕುಡಿಯುವಾಗ ಕಣ್ಣು ಮುಚ್ಚುವವನು ಬಾಂಬು ಎಸೆಯಲಾರ ಎಂದು ವಾದಿಸಬೇಕೆನಿಸುತ್ತದೆ, ಬಾಯಿ ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂದದ್ದೂ ಬಿಳಿ ಅಂಗಿಯವರಿಗೆ ಕನ್ನಡ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಅವರು ಇನ್ನೂ ಬರುತ್ತಾರೆ. "ಮೇಷ್ಟ್ರು ಮಾಡಿ" ಎನ್ನುತ್ತಾರೆ. ಊದುತ್ತೇನೆ, ಚೆಲ್ಲುತ್ತೇನೆ, ಸುರಿಯುತ್ತೇನೆ. ಈಗ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬರುವುದು ಅದಕ್ಕೇ. ಹೊಸ ಗಿರಾಕಿಗಳು ಮೇಷ್ಟ್ರೆಂದರೆ ಹಾಗೇ ಎಂದು ನಂಬಿದ್ದಾರೆ.

ರಜೆಗೆ ಅಲ್ಲಾಳಸಂದ್ರಕ್ಕೆ ಹೋದಾಗ ಜಗಲಿಯಲ್ಲಿ ಎಲ್ಲರೂ ಸೇರಿದರು. "ಅಲ್ಲಿಯೋರ್ನ ಮಾಡಿ ತೋರ್ಸೋ" ಎಂದು ಚಿಕ್ಕಪ್ಪ. ಅಲ್ಲಿ ಯಾರ ಭಯ? ನಿಜವಾದ ಮೇಷ್ಟ್ರನ್ನು ಮಾಡಿದೆ. ಬಾಗಿದೆ, ಬರೀ ಸಾರು ಒಂದು ಚಮಚ, ಕಣ್ಣು ಮುಚ್ಚಿದೆ. ಇಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿಲ್ಲ.

"ಇದ್ರಾಗೆ ನಗೋದೇನೈತೆ?" ಎಂದು ಚಿಕ್ಕಪ್ಪ ಎದ್ದು ಹೋದರು. ಸೈಗಾನಿನ ಬಗ್ಗೆ ನಾನು ಬಡಾಯಿ ಕೊಚ್ಚುತ್ತೇನೆಂದು ಮೊದಲೇ ಅನುಮಾನವಿದ್ದ ಉಳಿದವರೂ ಹೋದರು. ಅಮ್ಮ ಮಾತ್ರ ಕೂತಿದ್ದಳು.

"ಯಾರೋ ಅವ್ರು? ನಿಂಗೆ ಬೇಕಾದವ್ರಾ?"

"ಗೊತ್ತಿಲ್ಲಮ್ಮ."

"ಊರು ನೆಪ್ಪಾದೋರ ತರ ಇತ್ತು. ಇನ್ನೊಂದ್ಸಲ ಮಾಡು."

ಮತ್ತೆ ಬಾಗಿದೆ. ಅಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಕೈಗೆ ಚಮಚ ತೆಗೆದುಕೊಂಡೆ, ಬಾಯ ಹತ್ತಿರ ತಂದೆ. ತುಟಿ ತಾನಾಗಿ ಮುಂದೆ ಬಂದು 'ಉಫ್' ಎಂದು ಊದಿತು.