ವಂದನಾರ್ಪಣೆಯ ಹಳೆಯ ಫೈಲು

ಎರಡು ವರ್ಷ ನಾನು ನಮ್ಮ ಕಂಪನಿಯ ಅತ್ಯಂತ ಸಹಜ ನಿರೂಪಕಿಯಾಗಿದ್ದೆ. ಹಾಗೆಂದು ನನ್ನ ಮ್ಯಾನೇಜರ್ ಎಲ್ಲರೆದುರು ಹೇಳುತ್ತಿದ್ದಳು. ಕೋವಿಡ್ ಕಾಲದಲ್ಲಿ ನಮ್ಮ ಗ್ರಾಹಕರ ಸಮಾವೇಶಗಳೆಲ್ಲ ಕಂಪ್ಯೂಟರ್ ಪರದೆಯ ಮೇಲೇ ನಡೆದವು; ಅಮೆರಿಕದ ರೆಸ್ಟನ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜಿನಿಂದ ಅವನ್ನು ನಡೆಸಿಕೊಟ್ಟವಳು ನಾನು. ಆ ಸಹಜತೆಯ ಗುಟ್ಟೆಲ್ಲ ಕ್ಯಾಮೆರಾದ ಸುತ್ತ ಅಂಟಿಸಿದ್ದ ಹಳದಿ ಚೀಟಿಗಳಲ್ಲಿತ್ತು. ಗುಡ್ ಮಾರ್ನಿಂಗ್ ಹೇಳುವುದಕ್ಕೊಂದು ಚೀಟಿ, ನಗುವುದಕ್ಕೆ ಇನ್ನೊಂದು. ಮೇಲೆ ಬ್ಲೇಜರು, ಕೆಳಗೆ ಪೈಜಾಮ.

ಆಮೇಲೆ ಬಾಗಿಲುಗಳು ತೆರೆದವು. ಮ್ಯಾನೇಜರ್ ಸಂಭ್ರಮದಿಂದ ಸುದ್ದಿ ಕೊಟ್ಟಳು: ಈ ಸಲ ನಿಜವಾದ ಹೋಟೆಲು, ನಿಜವಾದ ವೇದಿಕೆ, ಇನ್ನೂರು ನಿಜವಾದ ಗ್ರಾಹಕರು. ನಿರೂಪಣೆ ನನ್ನದೇ. ಚೆನ್ನಾಗಿ ನಡೆದರೆ ಮುಂದಿನ ವರ್ಷದಿಂದ ಸಮಾವೇಶಗಳ ಪೂರ್ತಿ ಜವಾಬ್ದಾರಿ, ಹುದ್ದೆಯ ಸಮೇತ, ನನಗೆ. ಇಲ್ಲವಾದರೆ ಹೊರಗಿನಿಂದ ವೃತ್ತಿಪರರನ್ನು ಕರೆಸುವುದು. ಇದನ್ನು ಹೇಳಿ, ನೀನು ಆರಾಮಾಗಿರು ಎಂದು ಬೆನ್ನು ತಟ್ಟಿದಳು. ನಾನು ಆರಾಮಾಗಿ ಬಾತ್‌ರೂಮಿಗೆ ಹೋಗಿ ಹತ್ತು ನಿಮಿಷ ನಿಂತಿದ್ದೆ.

ನನ್ನ ಮುಖ ನೋಡಿಯೋ ಏನೋ, ಕಂಪನಿ ನನಗೆ ಒತ್ತಡ ನಿವಾರಣೆಯ ಒಂದು ಆ್ಯಪ್ ದಯಪಾಲಿಸಿತು. ಮೈಸೂರಿನಲ್ಲಿ ನಮ್ಮ ತಾತ ಪ್ರತಿದಿನ ಸ್ನಾನವಾದ ಮೇಲೆ ಮೂಗು ಹಿಡಿದು ಮಾಡುತ್ತಿದ್ದುದನ್ನು ಆ ಆ್ಯಪ್‌ನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಗಡ್ಡದ ಯುವಕ ನನಗೆ ಕಲಿಸಿಕೊಟ್ಟ. ಪ್ರಾಣಾಯಾಮ ಎಂಬ ಶಬ್ದವನ್ನು ಹೇಗೆ ಉಚ್ಚರಿಸಬೇಕೆಂದೂ ನಿಧಾನವಾಗಿ ತಿಳಿಸಿದ. ರಿಹರ್ಸಲ್ ನಡುವೆ ಆ ಆ್ಯಪ್ ಕಿಣಿಕಿಣಿ ಎಂದು ನೀನು ಇವತ್ತು ಶಾಂತಳಾಗಿಲ್ಲ ಎಂದು ನೆನಪಿಸುತ್ತಿತ್ತು. ಶಾಂತಿಗೆಂದು ನನ್ನ ಕ್ಯಾಲೆಂಡರಿನಲ್ಲಿ ವಾರಕ್ಕೆ ಮೂರು ಮೀಟಿಂಗು ಬೇರೆ ಸೇರಿಕೊಂಡವು. ಅವುಗಳಿಗೆ ತಡವಾಗಬಾರದೆಂದು ಓಡುವುದರಲ್ಲೇ ನನ್ನ ಉಸಿರು ಹೋಗುತ್ತಿತ್ತು.

ಮನೆಯಲ್ಲೂ ಸಲಹೆಗಳಿಗೆ ಬರವಿರಲಿಲ್ಲ. "ಟೆನ್ಷನ್ ಮಾಡ್ಕೋಬೇಡ ಬಿಡೇ, ಯಾರೂ ಏನೂ ನೋಟಿಸ್ ಮಾಡಲ್ಲ," ಎಂದು ನನ್ನ ಗಂಡ ಫೋನಿನಿಂದ ತಲೆ ಎತ್ತದೆ ಧೈರ್ಯ ಹೇಳಿದರು. ಹದಿಮೂರರ ಮಗಳು ಸೋಫಾದ ಮೇಲೆ ಪ್ರೇಕ್ಷಕಿಯಾಗಿ ಕೂತು ಪೂರ್ತಿ ಕೇಳಿ, "ಅಮ್ಮಾ, ಯು ಸೌಂಡ್ ಲೈಕ್ ದಿ ಏರ್‌ಪೋರ್ಟ್," ಎಂದಳು.

ನಿಜ ಹೇಳಬೇಕೆಂದರೆ ನನಗೆ ಇಂಗ್ಲಿಷಿನ ಭಯವಿರಲಿಲ್ಲ, ಇನ್ನೂರು ಜನರ ಭಯವೂ ಇರಲಿಲ್ಲ. ವೇದಿಕೆಯ ಮೇಲೆ ನಿಂತು ಯಾರನ್ನಾದರೂ ಮರೆತುಬಿಡುತ್ತೇನೆ ಎಂಬುದೊಂದೇ ಭಯ. ಯಾಕೆಂದರೆ ಒಮ್ಮೆ ಮರೆತಿದ್ದೆ.

ಕೋವಿಡ್‌ಗೆ ಮುಂಚಿನ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನಡೆದಾಗ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಸಂಘದ ಕಾರ್ಯಕ್ರಮಗಳಲ್ಲಿ ಭಾಷಣ, ನೃತ್ಯ, ನಾಟಕವೆಲ್ಲ ನೆಪ ಮಾತ್ರ. ಜನ ಕಿವಿ ನಿಮಿರಿಸಿ ಕೂರುವುದು ಕೊನೆಯಲ್ಲಿ, ತಮ್ಮ ಹೆಸರು ಬರುತ್ತದೋ ಇಲ್ಲವೋ ಎಂದು. ನಾನು ಮೈಕಿನವರಿಗೆ ಹೇಳಿದೆ, ಕುರ್ಚಿ ಹಾಕಿದವರಿಗೆ ಹೇಳಿದೆ, ಸಭಾಂಗಣದ ಬೀಗ ತೆಗೆದ ಪುಣ್ಯಾತ್ಮನಿಗೂ ಹೇಳಿದೆ. ಬೆಳಗಿನಿಂದ ಅಡುಗೆಮನೆಯಲ್ಲಿ ನಿಂತಿದ್ದ ಡಾಕ್ಟರ್ ಆಂಟಿಗೆ ಮಾತ್ರ ಹೇಳಲಿಲ್ಲ.

ಆಂಟಿ ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದು ಮಕ್ಕಳ ವೈದ್ಯೆಯಾಗಿ ನಿವೃತ್ತರಾದವರು. ನಮಗೆ ರಕ್ತಸಂಬಂಧಿಯಲ್ಲ. ಆದರೆ ನನ್ನ ಮಗಳು ಹುಟ್ಟಿದಾಗ ನಮ್ಮಮ್ಮನಿಗೆ ವೀಸಾ ಸಿಗದೆ ಹೋಗಿ, ಬಾಣಂತನ ಮಾಡಿದ್ದು ಅವರೇ. ಒಂದೂವರೆ ತಿಂಗಳು ದಿನಾ ಬಂದು ಮಗುವಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ನನಗೆ ಮೆಣಸಿನ ಸಾರು ಮಾಡಿಟ್ಟು ಹೋಗುತ್ತಿದ್ದರು. ಅಂಥವರನ್ನು ಮರೆತು ಬೀಗದವನನ್ನು ನೆನೆದಿದ್ದೆ ನಾನು.

ಮಾರನೆಯ ದಿನವೇ ಫೋನ್ ಮಾಡಿ ಕ್ಷಮೆ ಕೇಳಿದೆ. "ಛೆ ಛೆ, ಅದಕ್ಯಾಕಮ್ಮ ಫೋನ್ ಮಾಡಿದೆ, ನಾನೇನು ಹೆಸರಿಗೋಸ್ಕರ ಮಾಡಿದ್ನಾ?" ಎಂದರು. ಅಲ್ಲಿಂದಾಚೆಗೆ ನನ್ನ ಫೋನು ಬಂದಾಗಲೆಲ್ಲ ಅವರು ಬಿಜಿ. ಸಭೆಯಲ್ಲಿ ಆದ ತಪ್ಪು ಸಭೆಯಲ್ಲೇ ಸರಿಯಾಗಬೇಕು, ಫೋನಿನಲ್ಲಲ್ಲ. ಮುಂದಿನ ಯುಗಾದಿಗೆ ಮೈಕ್ ಹಿಡಿದು ಹೇಳೋಣವೆಂದುಕೊಂಡೆ. ಯುಗಾದಿಯ ಹೊತ್ತಿಗೆ ಕೋವಿಡ್ ಬಂತು, ಸಭೆಯೇ ಇಲ್ಲವಾಯಿತು. ನಾನು ಮಾಡಿದ್ದಿಷ್ಟೇ: ಆ ವಂದನಾರ್ಪಣೆಯ ಫೈಲು ತೆಗೆದು ಅಡುಗೆಯವರ ಭಾಗದಲ್ಲಿ ಆಂಟಿಯ ಹೆಸರಿನ ಒಂದು ಸಾಲು ಸೇರಿಸಿದೆ. ಕನ್ನಡದ ಕಾರ್ಯಕ್ರಮಕ್ಕೆ ನಾವು ಇಂಗ್ಲಿಷಿನಲ್ಲಿ ಬರೆದುಕೊಳ್ಳುವವರು, ಹಾಗಾಗಿ ಅದೂ ಇಂಗ್ಲಿಷಿನಲ್ಲೇ ಇತ್ತು.

ಸಮಾವೇಶಕ್ಕೆ ವಂದನಾರ್ಪಣೆ ಬರೆಯಲು ಕೂತಾಗ ಹೊಸದಾಗಿ ಯಾಕೆ ಬರೆಯಬೇಕೆಂದು ಅದೇ ಫೈಲನ್ನು ತೆರೆದೆ. ಅಧ್ಯಕ್ಷರಿದ್ದ ಕಡೆ ನಮ್ಮ ಸಿಇಓ, ಕುರ್ಚಿಯವರಿದ್ದ ಕಡೆ ಹೋಟೆಲಿನವರು, ಹೀಗೆ ಹೆಸರು ಬದಲಾಯಿಸುತ್ತಾ ಎರಡು ಪುಟ ಸಿದ್ಧಪಡಿಸಿದೆ. ಮ್ಯಾನೇಜರ್ ಓದಿ, ಕಾರು ನಿಲ್ಲಿಸುವವರಿಗೆ ವೇದಿಕೆಯಿಂದ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ ಎಂದು ಮೊದಲ ಪುಟದಲ್ಲೇ ನಿಲ್ಲಿಸಿದಳು. ಎರಡು ಪುಟದ ಬದಲು ಊಟ ಹೊರಗಿದೆ ಎಂಬ ಒಂದು ವಾಕ್ಯ ಸಾಕಂತೆ. ಬಿಸಾಡಲು ಮನಸ್ಸು ಬರಲಿಲ್ಲ. ಹಾಳೆಗಳನ್ನು ಮತ್ತೆ ಓದದೆ ಮಡಿಸಿ ಬ್ಲೇಜರಿನ ಜೇಬಿಗೆ ತುರುಕಿದೆ.

ಆ ದಿನ ಬಂದೇ ಬಂತು. ಕಾಲಬುಡದ ಪರದೆಯ ಮೇಲೆ ನನ್ನ ಮಾತುಗಳು ಒಂದೊಂದೇ ಸಾಲಾಗಿ ಬರುತ್ತಿದ್ದವು. ನಾನು ಓದಿದೆ, ನಕ್ಕೆ, ಕೈ ಬೀಸಿದೆ. ಮಗಳು ಹೇಳಿದಂತೆ ಏರ್‌ಪೋರ್ಟೇ ಸರಿ, ಆದರೆ ವಿಮಾನಗಳು ಸಮಯಕ್ಕೆ ಹೊರಡುತ್ತಿದ್ದವು. ಮುಂದಿನ ಸಾಲು ಮುಖ್ಯ ಭಾಷಣಕಾರರನ್ನು ವೇದಿಕೆಗೆ ಕರೆಯುವುದು. ಕರೆದೆ. ಚಪ್ಪಾಳೆ ಬಿತ್ತು. ಯಾರೂ ಬರಲಿಲ್ಲ.

ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಎರಡೂ ಕೈಯಲ್ಲಿ ಅದೃಶ್ಯ ರಬ್ಬರನ್ನು ಎಳೆಯುವಂತೆ ಮಾಡಿದಳು. ಮಾತು ಬೆಳೆಸು ಎಂದು ಅದರ ಅರ್ಥ; ಭಾಷಣಕಾರರು ಡಲ್ಲಸ್ ಟೋಲ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿದ್ದರೆಂದು ಆಮೇಲೆ ತಿಳಿಯಿತು. ಪರದೆಯ ಮೇಲೆ ನಾನು ಆಗಲೇ ಓದಿದ ಸಾಲು ಹಾಗೇ ನಿಂತಿತ್ತು. ಗಡ್ಡದ ಯುವಕನನ್ನು ನೆನೆದು ಆಳವಾಗಿ ಉಸಿರೆಳೆದುಕೊಂಡೆ. ಕಾಲರಿಗೆ ಸಿಕ್ಕಿಸಿದ್ದ ಮೈಕು ಬಹಳ ಒಳ್ಳೆಯದಿತ್ತು. ನನ್ನ ಪ್ರಾಣಾಯಾಮವನ್ನು ಇನ್ನೂರು ಜನ ಸ್ಪಷ್ಟವಾಗಿ ಕೇಳಿಸಿಕೊಂಡರು.

ಕೈ ತಾನಾಗಿ ಜೇಬಿಗೆ ಹೋಯಿತು. ಮುಖ್ಯ ಭಾಷಣಕ್ಕೂ ಮೊದಲೇ ವಂದನಾರ್ಪಣೆ ಶುರುಮಾಡಿದೆ. ಅದೂ ನಮ್ಮ ಸಂಘದ ಪದ್ಧತಿಯಂತೆ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ದಯವಿಟ್ಟು ಎದ್ದು ನಿಲ್ಲಿ ಎಂದು ಹೇಳಿ, ಚಪ್ಪಾಳೆ ಹೊಡೆಸಿ. ಮೈಕಿನವನು ಕೆಂಪಾಗಿ ಎದ್ದು ನಿಂತ. ಬ್ಯಾಡ್ಜು ಕೊಡುತ್ತಿದ್ದ ಹುಡುಗಿ ಬಾಗಿಲಿನಿಂದ ಇಣುಕಿ ಕಣ್ಣೊರೆಸಿಕೊಂಡಳು. ಜನಕ್ಕೆ ಉತ್ಸಾಹ ಬಂತು. ನನಗೂ ಬಂತು. ಅಡುಗೆಯವರ ಭಾಗಕ್ಕೆ ಬಂದು ಹೋಟೆಲಿನ ಬಾಣಸಿಗರ ಹೆಸರು ಹೇಳಿ, ಅದೇ ಭರದಲ್ಲಿ ಮುಂದಿನ ಸಾಲು ಓದಿದೆ: "ಬೆಳಗಿನ ಆರು ಗಂಟೆಯಿಂದ ಒಲೆಯ ಮುಂದೆ ನಿಂತು ನಮಗೆಲ್ಲ ಆಂಬೊಡೆ ಕರಿದುಕೊಟ್ಟ, ನನಗೆ ಎರಡನೇ ತಾಯಿಯಾದ ನಮ್ಮ ಡಾಕ್ಟರ್ ಆಂಟಿಗೆ."

ಹೆಸರು ಬದಲಾಯಿಸುವಾಗ ಆ ಒಂದು ಸಾಲನ್ನು ಬಿಟ್ಟುಬಿಟ್ಟಿದ್ದೆ. ಬಾಯಿಂದ ಪೂರ್ತಿ ಹೊರಗೆ ಬಂದ ಮೇಲೇ ಗೊತ್ತಾಯಿತು. ಆಂಬೊಡೆ ಎಂದರೇನೆಂದೇ ಗೊತ್ತಿಲ್ಲದ ಇನ್ನೂರು ಗ್ರಾಹಕರು, ಪಾಪ, ಆ ಆಂಟಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಯಾರು ಏಳುತ್ತಾರೆಂದು ಹಿಂದಿನ ಸಾಲುಗಳ ಕಡೆಗೆ ತಿರುಗಿ ನೋಡಿದರು. ಸರಿಯಾಗಿ ಅದೇ ಹೊತ್ತಿಗೆ ಭಾಷಣಕಾರರು ಓಡೋಡಿ ಬಾಗಿಲಿನಲ್ಲಿ ಕಾಣಿಸಿಕೊಂಡು, ಆ ಚಪ್ಪಾಳೆಯೆಲ್ಲ ತಮಗೇ ಎಂದುಕೊಂಡು ಕೈಮುಗಿದರು.

ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ತಬ್ಬಿಕೊಂಡಳು. ಕೃತಜ್ಞತೆಯಿಂದ ಆರಂಭಿಸುವುದು ಎಂಥ ಅದ್ಭುತ ಕಲ್ಪನೆ, ತಾನು ಮೊದಲಿನಿಂದ ಇದನ್ನೇ ಹೇಳುತ್ತಿದ್ದೆ ಎಂದಳು. ಹುದ್ದೆ ನನ್ನದಾಯಿತು. ಆ ಡಾಕ್ಟರ್ ನಮ್ಮ ಗ್ರಾಹಕರೇ, ಮುಂದಿನ ವರ್ಷ ಆಹ್ವಾನ ಕಳಿಸಬೇಕೇ ಎಂದೂ ವಿಚಾರಿಸಿದಳು. ಕಳಿಸಬೇಕು, ಆದರೆ ಅವರು ಬಿಜಿ ಇರುತ್ತಾರೆ ಎಂದೆ.

ಸಮಾವೇಶದ ವಿಡಿಯೋವನ್ನು ಕಂಪನಿ ಎಲ್ಲರಿಗೂ ಕಾಣುವಂತೆ ಹಾಕಿತು. ನನ್ನ ಮಗಳು ನನಗೆ ಒಂದು ಮಾತೂ ಹೇಳದೆ ಅದನ್ನು ಆಂಟಿಗೆ ಕಳಿಸಿದಳು. ಗುರುವಾರ ಸಂಜೆ ನಾನು ಕುಕ್ಕರ್ ಇಡುತ್ತಿದ್ದಾಗ ಫೋನ್ ಬಂತು.

"ನೋಡಿದೆ," ಎಂದರು ಆಂಟಿ. "ಮೂರು ವರ್ಷ ಬಿಟ್ಟು ಹೇಳ್ದೆ. ಅದೂ ಇಂಗ್ಲಿಷಲ್ಲಿ. ಅದೂ ತಪ್ಪು."

"ಏನು ತಪ್ಪು ಆಂಟಿ?"

"ಆಂಬೊಡೆ ಕರಿದಿದ್ದು ನಾನಲ್ಲ ಕಣೇ. ನಾನ್ ಮಾಡಿದ್ದು ಒಬ್ಬಟ್ಟು. ಮುನ್ನೂರು ಒಬ್ಬಟ್ಟು ತಟ್ಟಿ ತಟ್ಟಿ ನನ್ ಮಣಿಕಟ್ಟು ಬಿದ್ದೋಗಿತ್ತು."

ರಾಜ್ಯೋತ್ಸವದ ದಿನ ರೇಷ್ಮೆ ಸೀರೆಯುಟ್ಟು ವೇದಿಕೆಯ ಮೇಲೆ ಮೆರೆಯುತ್ತಿದ್ದ ನಾನು ಅಡುಗೆಮನೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಯಾರೋ ಹೇಳಿದ್ದನ್ನು ಬರೆದುಕೊಂಡಿದ್ದೆ. ಮರೆಯುವುದಕ್ಕಾದರೂ ಮೊದಲು ನೋಡಿರಬೇಕು. ನಾನು ಅವರನ್ನು ನೋಡಿಯೇ ಇರಲಿಲ್ಲ. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

"ಅಳ್ಬೇಡ, ಮೈಕ್ ಇಲ್ಲ ಇಲ್ಲಿ," ಎಂದರು ಆಂಟಿ. "ಶನಿವಾರ ಮಗೂನ ಕರ್ಕೊಂಡ್ ಬೇಗ ಬಾ. ಹೂರಣ ಮಾಡಿಟ್ಟಿರ್ತೀನಿ, ತಟ್ಟೋದು ನೀನು."

ಫೋನಿಟ್ಟು ಲ್ಯಾಪ್‌ಟಾಪಿನಲ್ಲಿ ಆ ಫೈಲು ತೆರೆದೆ. ಮುಂದಿನ ವರ್ಷದ ಸಮಾವೇಶಕ್ಕೂ ಅದೇ ಬೇಕಾಗುತ್ತದಲ್ಲ. ಆಂಬೊಡೆ ಕರಿದದ್ದನ್ನು ತೆಗೆದು ಒಬ್ಬಟ್ಟು ತಟ್ಟಿದ್ದೆಂದು ತಿದ್ದಿದೆ. ಆ ಸಾಲನ್ನು ಮಾತ್ರ ತೆಗೆಯಲಿಲ್ಲ.